ಆಗಬಹುದು ಎನ್ನುತ್ತಿದ್ದ ಮೇಡಂ

ಮೊನ್ನೆ ನನ್ನ ಮಗಳು ಮನೆಯಲ್ಲೇ ಬನ್ ಮಾಡುತ್ತೇನೆಂದು ಹೊರಟಳು. ಉಗುರುಬೆಚ್ಚಗಿನ ನೀರಿಗೆ ಸಕ್ಕರೆ ಹಾಕಿ, ಪೊಟ್ಟಣದ ಯೀಸ್ಟ್ ಉದುರಿಸಿ, ಮೇಲೊಂದು ತಟ್ಟೆ ಮುಚ್ಚಿಟ್ಟು ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯೆಲ್ಲ ಅದರ ವಾಸನೆ. ಉಕ್ಕಿ ಬಂದ ದೋಸೆಹಿಟ್ಟಿನ ವಾಸನೆಗೆ ಹತ್ತಿರ, ಆದರೆ ಅದಕ್ಕಿಂತ ಒಂದಿಷ್ಟು ಭಾರ. ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಹೊರಗೆ ಬಂದು ಕೂತೆ. ಹಗರಿಬೊಮ್ಮನಹಳ್ಳಿಯಲ್ಲಿ ಅಷ್ಟು ವರ್ಷ ನನ್ನ ಪಕ್ಕದ ಮನೆಯಲ್ಲಿದ್ದ ಮೇಡಂ ಅವರ ಸೆರಗಿನಲ್ಲಿ, ಕೈಚೀಲದಲ್ಲಿ, ಅವರು ಕೊಟ್ಟು ಕಳಿಸುತ್ತಿದ್ದ ಡಬ್ಬಿಯಲ್ಲಿ ಕೂಡ ಇದೇ ವಾಸನೆ ಇರುತ್ತಿತ್ತು...

ನಾನು ಹರಪನಹಳ್ಳಿಯವಳು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಕೆಲಸ ಸಿಕ್ಕಿ ಹಗರಿಬೊಮ್ಮನಹಳ್ಳಿಗೆ ಬಂದಾಗ ರೈಲ್ವೆ ಸ್ಟೇಷನ್ ಹಿಂದಿನ ಬೀದಿಯಲ್ಲಿ ಒಂದೇ ಸೂರಿನ ಕೆಳಗಿನ ಎರಡು ಮನೆಗಳಲ್ಲಿ ಒಂದು ನಮಗೆ ಬಾಡಿಗೆಗೆ ಸಿಕ್ಕಿತು. ಇನ್ನೊಂದರಲ್ಲಿ ಅದೇ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಿದ್ದ ಮೇಡಂ ಒಬ್ಬರೇ ಇದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರು. ಮಾಗಳದ ಒಕ್ಕಲುತನದ ಮನೆಯಿಂದ ಬಂದು, ಓದಿ, ಡಾಕ್ಟರೇಟ್ ಮಾಡಿದ್ದರು. ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ತಟ್ಟೆಗಳಲ್ಲಿ ಯೀಸ್ಟ್ ಬೆಳೆಸಿ ಹುಡುಗರಿಗೆ ತೋರಿಸುವುದೆಂದರೆ ಅವರಿಗೆ ಹಬ್ಬ.

ಡಾಕ್ಟರೇಟಿಗೆಂದು ಐದು ವರ್ಷ ಯೀಸ್ಟಿನ ಮೇಲೆ ಏನು ಓದುವುದಿತ್ತು ಎಂದು ಒಂದು ಸಂಜೆ ಕಟ್ಟೆಯ ಮೇಲೆ ಕೂತು ಕೇಳಿದ್ದೆ. ನನ್ನನ್ನೂ ಮೇಡಂ ಎಂದೇ ಕರೆಯುತ್ತಿದ್ದ ಅವರು ಅವರೆಕಾಯಿ ಸುಲಿಯುತ್ತ ಹೇಳಿದರು:

"ಒಂದು ಯೀಸ್ಟ್ ಅಂದ್ರ ಒಂದು ಮನಿ ಅಂತ ತಿಳ್ಕೋರಿ ಮೇಡಂ. ಸುತ್ತ ಒಂದು ಪೊರಿ. ಸಕ್ರಿ ಒಳಗ ಬರಾಕ ಒಂದು ಬಾಗ್ಲ, ಕಬ್ಬಿಣದಂಶಕ್ಕ ಇನ್ನೊಂದು. ಯಾವ ಬಾಗ್ಲ ಎಲ್ಲಿ ಇಡಬೇಕು, ಯಾವಾಗ ತೆಗೀಬೇಕು ಅಂತ ಜೀನ್ ಹೇಳತಾವ. ಒಳಗ ಮತ್ತ ಒಂದು ಉಗ್ರಾಣ ಐತಿ. ಅದರ ಒಂದು ಬಾಗ್ಲಿನ ಜೀನ್ ನನಗ ನಮ್ಮ ಗೈಡ್ ಕೊಟ್ಟಿದ್ರು. ಅದನ್ನ ಕಿತ್ತು ಹಾಕಿ ಏನಾಗತೈತಿ ನೋಡೋದು ನನ್ನ ಕೆಲಸ."

"ಏನಾಗ್ತಿತ್ತು?"

"ಯೀಸ್ಟಿಗೆ ಅಂಥಾದ್ದೇನೂ ಆಗಂಗಿಲ್ಲ. ಉಗ್ರಾಣದಾಗ ಸಾಮಾನು ಹೆಚ್ಚುಕಮ್ಮಿ ಆಗತೈತಿ, ಅಷ್ಟ. ಬದುಕತೈತಿ." ಸುಲಿದ ಕಾಳನ್ನು ಬೋಗುಣಿಗೆ ಸುರಿದು, "ಮನಷ್ಯಾರಿಗೂ ಅಂಥಾದ್ದ ಒಂದು ಜೀನ್ ಐತಿ. ಅದು ಕೆಟ್ರ ಬ್ಯಾರೆ ಕತಿ" ಎಂದರು. ನಾನು ಮುಂದೆ ಕೇಳಲಿಲ್ಲ. ಆಗ ಅದು ಅವರಿಗೂ ಪುಸ್ತಕದೊಳಗಿನ ಸಂಗತಿಯಾಗಿತ್ತು.

ಅವರ ಮಾತಿನಲ್ಲಿ ಒಂದು ವಿಚಿತ್ರವಿತ್ತು. ಮುಂದಿನದು ಯಾವುದನ್ನೂ ಆಗುತ್ತದೆ ಎನ್ನುತ್ತಿರಲಿಲ್ಲ, ಆಗಬಹುದು ಎನ್ನುತ್ತಿದ್ದರು. ಮಳೆ ಬರಬಹುದು, ಬಸ್ಸು ಸಿಗಬಹುದು, ಹುಡುಗ ಪಾಸಾಗಬಹುದು. ಕನ್ನಡ ಪಾಠ ಹೇಳುವವಳಾಗಿ ನಾನು, ನಿಮ್ಮ ಕ್ರಿಯಾಪದಗಳಿಗೆ ಬೆನ್ನುಮೂಳೆಯೇ ಇಲ್ಲ ಎಂದು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ. "ಗೊತ್ತಿಲ್ಲದ್ದನ್ನ ಆಗತೈತಿ ಅಂದ್ರ ಸುಳ್ಳಾಗತೈತಿ ಮೇಡಂ" ಎನ್ನುತ್ತಿದ್ದರು.

ಅವರ ಅಕ್ಕನನ್ನು ಕೊಟ್ಟದ್ದು ಕೊಟ್ಟೂರು ಕಡೆಯ ಒಂದು ಹಳ್ಳಿಗೆ, ಸ್ವಂತ ಸೋದರಮಾವನಿಗೆ. ಹೊಲ, ಕುರಿಹಿಂಡು ಇದ್ದ ಅನುಕೂಲದ ಮನೆ. ಮೊದಲು ಮಾತು ಬಂದದ್ದು ಮೇಡಂಗಂತೆ. ನಾನು ಓದುತ್ತೇನೆ ಎಂದು ಇವರು ಹಟ ಹಿಡಿದಾಗ, ಅಕ್ಕನಿಗೆ ಅರಿಶಿಣ ಹಚ್ಚಿದರು. ಆ ಅಕ್ಕನಿಗೆ ಇಬ್ಬರು ಮಕ್ಕಳು. ದೊಡ್ಡವಳು ಸುಜಾತಾ, ಆಮೇಲೆ ಮಲ್ಲು. ರಜೆ ಬಂದರೆ ಇಬ್ಬರೂ ಚಿಗವ್ವನ ಮನೆಗೆ ಬಂದುಬಿಡುತ್ತಿದ್ದರು. ಆ ದಿನಗಳಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಗೋಡೆಯೇ ಇರುತ್ತಿರಲಿಲ್ಲ.

ಮಲ್ಲುಗೆ ಆರು ವರ್ಷ ತುಂಬಿದ ಬೇಸಿಗೆಯಲ್ಲಿ ನಾನು ಮೊದಲು ಗಮನಿಸಿದ್ದು ಅವನು ಉಣ್ಣುವ ರೀತಿ. ತಾಟಿನಲ್ಲಿ ರೊಟ್ಟಿ ಎದುರಿಗೇ ಇರುತ್ತಿತ್ತು, ಅವನ ಬೆರಳು ಅಂಚಿನ ಸುತ್ತ ತಡವುತ್ತಿತ್ತು. ಕರೆದರೆ ನೇರ ನೋಡುತ್ತಿರಲಿಲ್ಲ. ಕತ್ತು ಓರೆ ಮಾಡಿ, ನಮ್ಮ ತಲೆಯ ಮೇಲೆ ಯಾರೋ ನಿಂತಿದ್ದಾರೆನ್ನುವಂತೆ ನೋಡುತ್ತಿದ್ದ. ಚೇಷ್ಟೆ ಮಾಡುತ್ತಾನೆಂದು ನಾನು ನಕ್ಕೆ. ಮೇಡಂ ಕೈಯಲ್ಲಿದ್ದ ಲೋಟ ಕೆಳಗಿಟ್ಟು, ಅವನನ್ನೇ ಬಹಳ ಹೊತ್ತು ನೋಡಿದರು.

ಹೊಸಪೇಟೆಯ ಕಣ್ಣಿನ ಡಾಕ್ಟರು ಕನ್ನಡಕದಿಂದ ಉಪಯೋಗವಿಲ್ಲ, ಕಣ್ಣಿನ ಹಿಂದಿನ ಪದರ ಒಣಗುತ್ತಿದೆ ಎಂದರು. ಯಾಕೆ ಎಂದು ಅವರಿಗೆ ಹೇಳಲಾಗಲಿಲ್ಲ. ಅದರ ಮುಂದಿನ ಭಾನುವಾರ ಮೇಡಂ ಮಲ್ಲುವನ್ನು ಕರೆದುಕೊಂಡು ಕಾಲೇಜಿಗೆ ಹೊರಟರು. ನೀವೂ ಬರ್ರಿ ಎಂದರು. ಯಾಕೆಂದು ಕೇಳದೆ ಹೋದೆ.

ಬೀಗ ತೆಗೆದ ಲ್ಯಾಬಿನಲ್ಲಿ ನಾವು ಮೂವರೇ. ಹುಡುಗನ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಸವರಿ, ನೇರಳೆ ಬಣ್ಣ ಹಾಕಿ ಒಣಗಿಸಿದರು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಪಟ್ಟಿಯನ್ನು ಒಂದಿಷ್ಟೊಂದಿಷ್ಟೇ ಸರಿಸುತ್ತ ಹೋದರು. ಹೊರಗೆ ಯಾವುದೋ ಗೂಡ್ಸ್ ರೈಲು ಹೋಗುತ್ತಿತ್ತು. ಅದು ಪೂರ್ತಿ ಹೋಗಿ ಮುಗಿದರೂ ಅವರು ತಲೆ ಎತ್ತಲಿಲ್ಲ. ಆಮೇಲೆ ಪಕ್ಕಕ್ಕೆ ಸರಿದು, "ನೀವು ನೋಡ್ರಿ" ಎಂದರು.

ನಸುಗೆಂಪು ಚುಕ್ಕೆಗಳ ನಡುವೆ ನೇರಳೆ ಬಣ್ಣದ ಒಂದು ದೊಡ್ಡ ಕಣ. ಬಿಳಿ ರಕ್ತಕಣ ಅಂದರೆ ಅದೇ ಎಂದರು.

"ಅದರಾಗ ಏನು ಕಾಣತೈತಿ?"

"ತೂತು ತೂತು ಐತೆ. ಹುಳ ತಿಂದ ಕಾಳಿನ ಥರ."

"ಹೌದಲ್ರಿ? ನನಗೊಬ್ಬಾಕಿಗೆ ಕಾಣಾಕ್ಹತ್ತೈತೇನೋ ಅಂದ್ಕೊಂಡಿದ್ದೆ." ಅವರ ದನಿ ಎಂದಿನಂತೆಯೇ ಇತ್ತು. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಸ್ಟೂಲಿನ ಮೇಲೆ ಕಾಲಾಡಿಸುತ್ತ ಕೂತಿದ್ದ ಮಲ್ಲು ಕೇಳಿದ: "ಚಿಗವ್ವ, ನನ್ನ ರಕ್ತದಾಗ ಏನೈತಿ?"

"ಏನಿಲ್ಲಪ್ಪ. ಚೊಲೊ ಐತಿ."

ಆ ಮೇಲೆ ಮನೆಗೆ ಬಂದು ಅವರು ನನಗೆ ಎಲ್ಲ ಬಿಡಿಸಿ ಹೇಳಿದರು. ತಾವು ಯೀಸ್ಟಿನಿಂದ ಕಿತ್ತು ನೋಡುತ್ತಿದ್ದ ಅದೇ ಬಾಗಿಲಿನ ಜೀನ್, ಮನುಷ್ಯರಲ್ಲಿ ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತದೆ. ಒಂದು ಕೆಟ್ಟಿದ್ದರೆ ಏನೂ ಆಗುವುದಿಲ್ಲ. ಹೊತ್ತವರಿಗೆ ಗೊತ್ತೂ ಆಗುವುದಿಲ್ಲ. ಎರಡೂ ಕೆಟ್ಟರೆ ಕಣದೊಳಗಿನ ಕಸ ಹೊರಗೆ ಹೋಗದೆ ಒಟ್ಟಾಗುತ್ತದೆ. ಮೊದಲು ಕಣ್ಣು ಹೋಗುತ್ತವೆ, ಆಮೇಲೆ ಮೂರ್ಛೆ, ಆಮೇಲೆ ಮಾತು, ನಡಿಗೆ... ಔಷಧ ಇಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಅಕ್ಕ, ಮಾವ, ಎರಡೂ ಮಕ್ಕಳ ರಕ್ತ ಕೊಟ್ಟು ಬಂದರು. ಸಂಶಯ ನಿಜವಾಯಿತು: ಒಂದೇ ಮನೆತನದ ಅಕ್ಕ, ಮಾವ ಇಬ್ಬರಲ್ಲೂ ಆ ಜೀನಿನ ಒಂದೊಂದು ಪ್ರತಿ ಕೆಟ್ಟಿತ್ತು. ಸುಜಾತಾಳಿಗೆ ಕಾಯಿಲೆ ಇರಲಿಲ್ಲ. ಆದರೆ ಅವಳೂ ಕೆಟ್ಟ ಪ್ರತಿ ಒಂದನ್ನು ಹೊತ್ತಿದ್ದಳು.

ಅಷ್ಟು ಸಾವಿರ ಜೀನುಗಳಲ್ಲಿ ಗೈಡ್ ಅದನ್ನೇ ಇವರ ಕೈಗೆ ಯಾಕೆ ಕೊಟ್ಟರು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಅವರ ಮುಂದೆ ಕೇಳುವ ಧೈರ್ಯ ಬರಲಿಲ್ಲ.

ಕಾಯಿಲೆ ಹೇಗೆ ಸಾಗುತ್ತದೆಂದು ಅವರಿಗೆ ಪಾಠದಷ್ಟೇ ಚೆನ್ನಾಗಿ ಗೊತ್ತಿತ್ತು. ಎಲ್ಲವನ್ನೂ ಒಮ್ಮೆಲೇ ಹೇಳಿದರೆ ಅಕ್ಕ ತಡೆಯಲಾರಳೆಂದು, ಮುಂದಿನ ಒಂದೊಂದೇ ಸಂಗತಿಯನ್ನು ಅದು ಬರುವ ಸ್ವಲ್ಪ ಮುಂಚೆ ಹೇಳುತ್ತ ಬಂದರು. ಕಣ್ಣು ಪೂರ್ತಿ ಹೋಗಬಹುದು, ಈಗಲೇ ಬೆರಳಿನಿಂದ ಓದುವುದನ್ನು ಕಲಿಸೋಣ ಎಂದರು. ವರ್ಷದೊಳಗೆ ಕಣ್ಣು ಹೋದವು. ಮೂರ್ಛೆ ಬರಬಹುದು, ಬಾವಿ ಕಡೆ ಒಬ್ಬನನ್ನೇ ಬಿಡಬೇಡಿ ಎಂದರು. ಕುರಿಹಟ್ಟಿಯ ಬಳಿ ಮೊದಲ ಮೂರ್ಛೆ ಬಂತು. ಮಾತು ತೊದಲಬಹುದು ಎಂದರು. ಮುಂದಿನ ಯುಗಾದಿಗೆ ಹುಡುಗ ಒಂದೇ ಮಾತನ್ನು ಮತ್ತೆ ಮತ್ತೆ ಹೇಳತೊಡಗಿದ. ಅವರು ಪ್ರತಿ ಸಲವೂ "ಬಹುದು" ಎಂದೇ ಅಂದಿದ್ದರು. ಕೇಳಿದವರು ಆ "ಬಹುದು" ಅನ್ನು ನೆನಪಿಟ್ಟುಕೊಳ್ಳಲಿಲ್ಲ.

ಒಂದು ಸಲ ಅವರೊಡನೆ ಆ ಊರಿಗೆ ಹೋಗಿದ್ದೆ. ಬಸ್ಸಿಳಿದು ಓಣಿಯಲ್ಲಿ ನಡೆಯುವಾಗ ಜಗಲಿ ಮೇಲಿನ ಹೆಂಗಸರು ಮಾತು ನಿಲ್ಲಿಸಿದರು. ಒಬ್ಬಾಕೆ ಮಡಿಲಿನ ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು. ಹಿಂದೆ ಒಬ್ಬ ಮುದುಕ ಯಾರಿಗೋ ಹೇಳಿದ್ದು ನಮಗೆ ಸ್ಪಷ್ಟವಾಗಿ ಕೇಳಿತು: "ಜಾತ್ರ್ಯಾಗ ಮುಂದಾಗೋ ಕಾರಣಿಕ ನುಡಿಯೋ ಗೊರವಪ್ಪಗ ವರ್ಷಕ್ಕೊಮ್ಮಿ ವಾಕ್ಯ ಬರತೈತಿ. ಈಕಿಗೆ ಬಂದಾಗೊಮ್ಮಿ ಬರತೈತಿ. ಕರಿನಾಲಿಗಿ."

ಮೇಡಂ ನಡಿಗೆ ನಿಧಾನ ಮಾಡಲಿಲ್ಲ.

ಅವತ್ತೇ ಅವರ ಅಕ್ಕ ನಮ್ಮನ್ನು ಪಡಸಾಲೆಯಲ್ಲಿ ನಿಲ್ಲಿಸಿಯೇ ಮಾತಾಡಿದರು. ದನಿ ಏರಿಸಲಿಲ್ಲ. "ನೀ ಓದಾಕ ಹೋಗತೀನಿ ಅಂದು ತಪ್ಪಿಸ್ಕೊಂಡಿ. ನಾ ಇಲ್ಲಿಗೆ ಬಂದೆ. ಅದನ್ನ ನಾ ಯಾವತ್ತೂ ಅಂದಿಲ್ಲ. ಆದ್ರ ನೀ ಬಂದಾಗೊಮ್ಮಿ ನನ್ನ ಮಗನ್ನ ಒಂದೀಟು ಒಂದೀಟು ತಗೊಂಡು ಹೋಗತಿ. ಇನ್ಮ್ಯಾಲ ಬರಬ್ಯಾಡ."

ಒಳಗಿನಿಂದ ಮಲ್ಲು "ಚಿಗವ್ವ ಬಂದ್ಲು, ಚಿಗವ್ವ ಬಂದ್ಲು" ಎನ್ನುತ್ತಲೇ ಇದ್ದ. ನಾವು ಅವನನ್ನು ನೋಡದೆ ವಾಪಸು ಬಂದೆವು.

ಕೆಲವು ವರ್ಷ ಹಾಗೇ ಕಳೆದವು. ಸುಜಾತಾ ಪಿಯುಸಿ ಮುಗಿಸಿ, ಡಿಗ್ರಿಗೆ ಸೇರಿದ್ದಳು. ಮೇಡಂಗೆ ಒಬ್ಬ ತಮ್ಮನಿದ್ದ. ಹೂವಿನಹಡಗಲಿಯಲ್ಲಿ ಮಲ್ಲಿಗೆ ಖರೀದಿ ಮಾಡಿ ಬಸ್ಸಿಗೆ ಹಾಕುವ ವ್ಯಾಪಾರ ಅವನದು, ಸೌಮ್ಯ ಹುಡುಗ. ಸುಜಾತಾಳಿಗೆ ಅವನು ಸೋದರಮಾವ. ಚಿಕ್ಕಂದಿನಿಂದಲೂ ಅವಳು ಅವನಿಗೇ ಎಂದು ಮನೆಯವರು ಆಡಿಕೊಂಡಿದ್ದರು. ಅವರಿಬ್ಬರಿಗೂ ಮನಸ್ಸಿತ್ತು. ಮದುವೆ ಮಾತು ಎದ್ದಾಗ ಮೇಡಂ ಮಾಗಳಕ್ಕೆ ಹೋಗಿ ತಮ್ಮನಿಗೆ ಕೇಳಿಕೊಂಡದ್ದು ಒಂದೇ: ಒಂದು ಸಲ ರಕ್ತ ಪರೀಕ್ಷೆ ಮಾಡಿಸು. ಸುಜಾತಾಳಲ್ಲಿ ಒಂದು ಕೆಟ್ಟ ಪ್ರತಿ ಇದೆ. ನಮ್ಮವ್ವನ ಕಡೆಯಿಂದ ನಿನಗೂ ಬಂದಿರಬಹುದು, ಬಾರದೆಯೂ ಇರಬಹುದು. ಬಂದಿಲ್ಲವೆಂದರೆ ನಾನೇ ಮುಂದೆ ನಿಂತು ಮದುವೆ ಮಾಡಿಸುತ್ತೇನೆ.

ಅವರ ತಾಯಿ ಒಪ್ಪಲಿಲ್ಲ. "ಎಷ್ಟು ಮನ್ಯಾಗ ಸೋದರಮಾವಗ ಕೊಟ್ಟಾರ. ಎಲ್ಲಾರ ಮಕ್ಕಳೂ ಕಣ್ಣು ಕಳಕೊಂಡು ಕುಂತಾವೇನು?" ಎಂದರಂತೆ. ತಮ್ಮನೂ ತಲೆ ತಗ್ಗಿಸಿ, "ಬರಬಹುದು, ಬರದೇನೂ ಇರಬಹುದು ಅಂದ್ರ ನಾ ಏನು ಮಾಡ್ಲಿ ಅಕ್ಕ? ಹೌದು ಅನ್ನು, ಇಲ್ಲ ಅನ್ನು" ಎಂದನಂತೆ. ಅವರಿಗೆ ಎರಡನ್ನೂ ಹೇಳಲಾಗಲಿಲ್ಲ. ತಿರುಗಿ ಬಂದು ನನ್ನ ಅಡುಗೆಮನೆಯಲ್ಲಿ ಕೂತು ಇದನ್ನೆಲ್ಲ ಹೇಳಿದರು. ಎದ್ದು ಹೊರಡುವಾಗ, "ಅವರು ನನ್ನ ಒಂದು ಮಾತ ಮಾತ್ರ ನಂಬತಾರ" ಎಂದರು. ಯಾವ ಮಾತೆಂದು ನನಗೆ ಆಗ ತಿಳಿಯಲಿಲ್ಲ.

ನಿಶ್ಚಿತಾರ್ಥ ಹೆಣ್ಣಿನ ಮನೆಯಲ್ಲಿ. ಅಕ್ಕ ಬರಬೇಡವೆಂದಿದ್ದರೂ ಗಂಡಿನ ಅಕ್ಕನನ್ನು ಬಾಗಿಲಲ್ಲಿ ತಡೆಯುವಂತಿರಲಿಲ್ಲ. ನನ್ನನ್ನು ಜೊತೆಗೆ ಕರೆದುಕೊಂಡರು. ಬಿಸಿಲಿನ ಹೊತ್ತು. ಕೊಟ್ಟೂರು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಕುರಿಗಳು ಒಂದರ ಹೊಟ್ಟೆಯ ನೆರಳಿಗೆ ಇನ್ನೊಂದು ತಲೆ ಇಟ್ಟು ನಿಂತಿದ್ದವು. ಮೇಡಂ ದಾರಿಯುದ್ದಕ್ಕೂ ಮಾಡಿದ್ದೆಂದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಅಷ್ಟೇ.

ಪಡಸಾಲೆಯಲ್ಲಿ ಜಮಖಾನೆ ಹಾಸಿ ಹಿರಿಯರು ಕೂತಿದ್ದರು. ಎಲೆ ಅಡಿಕೆಯ ತಾಟು ನಡುವೆ ಬಂತು. ಸುಜಾತಾ ಹೊಸ ಸೀರೆಯುಟ್ಟು ಒಳಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ, ಕೋಣೆಯ ಹೊರಸಿನ ಮೇಲೆ ಮಲ್ಲು. ಈಗ ಅವನು ನಡೆಯುತ್ತಿರಲಿಲ್ಲ. ಹಿರಿಯರೊಬ್ಬರು ತಾಟಿಗೆ ಕೈ ಹಾಕಿದಾಗ ಮೇಡಂ ಎದ್ದು ನಿಂತರು.

"ಈ ಮದುವಿ ಆದ್ರ, ಹುಟ್ಟೋ ಕೂಸಿನ ಕಣ್ಣು ಹೋಗತಾವ. ಮಲ್ಲುಗ ಆದಂಗ ಆಗತೈತಿ."

ಅಷ್ಟೇ. ಕೂತುಕೊಳ್ಳಲಿಲ್ಲ, ನಿಂತೇ ಇದ್ದರು. ಅಷ್ಟು ವರ್ಷಗಳಲ್ಲಿ ಮುಂದಿನದರ ಬಗ್ಗೆ ಅವರ ಬಾಯಿಂದ ಬಹುದು ಇಲ್ಲದ ಕ್ರಿಯಾಪದ ಬಂದದ್ದನ್ನು ನಾನು ಕೇಳಿರಲಿಲ್ಲ.

ಯಾರೂ ಕೂಗಾಡಲಿಲ್ಲ. ಹಿರಿಯರು ತಾಟಿನಿಂದ ಕೈ ತೆಗೆದು, ಆ ಕೈಯನ್ನು ಪಂಚೆಗೆ ಒರೆಸಿಕೊಂಡರು. ಮೇಡಂ ಅವರ ತಾಯಿ ಎದ್ದು ಮಗನ ತೋಳು ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋದರು. ಒಬ್ಬೊಬ್ಬರೇ ಚಪ್ಪಲಿ ಹುಡುಕತೊಡಗಿದರು. ಸುಜಾತಾ ನಿಂತಲ್ಲೇ ನಿಂತು ಚಿಗವ್ವನನ್ನು ನೋಡುತ್ತಿದ್ದಳು... ಆ ನೋಟವನ್ನು ನಾನು ಬರೆಯಲಾರೆ.

ವಾಪಸು ಬರುವ ಬಸ್ಸಿನಲ್ಲಿ, ಹಗರಿಬೊಮ್ಮನಹಳ್ಳಿ ಹತ್ತಿರವಾದಾಗ, ಅವರು ಹೇಳಿದರು: "ಸುಳ್ಳು ಹೇಳಿದೆ ಮೇಡಂ. ನಂಬಿದ್ರು."

ಅವರ ತಮ್ಮ ಆ ಸಿಟ್ಟಿನಲ್ಲೇ ಬೆಂಗಳೂರಿಗೆ ಹೋಗಿ ರಕ್ತ ಕೊಟ್ಟು ಬಂದ. ಮೊದಲೇ ಮಾಡಿದ್ದರೆ ಯಾವ ಮಾತೂ ಬೇಕಿರಲಿಲ್ಲ. ಕೆಲವು ವಾರದ ಮೇಲೆ ಮೇಡಂ ಮನೆಗೆ ಬಂದು, ಒಳಗೂ ಬಾರದೆ, ಅಂಗಳದಲ್ಲೇ ನಿಂತು ಹೇಳಿದ: "ನನಗ ಬಂದಿಲ್ಲಂತ. ಕೇಳಿದ್ಯಾ? ಬಂದಿಲ್ಲಂತ." ಮೇಡಂ ಹೊಸ್ತಿಲ ಮೇಲೇ ಕೂತರು. ಅವನಲ್ಲಿ ಆ ಕೆಟ್ಟ ಪ್ರತಿ ಇರಲಿಲ್ಲ. ಅವರಿಬ್ಬರಿಗೆ ಹುಟ್ಟುವ ಯಾವ ಕೂಸಿಗೂ ಮಲ್ಲುಗೆ ಬಂದದ್ದು ಬರುವಂತಿರಲಿಲ್ಲ.

ಮರುದಿನವೇ ಅವರು ಅಕ್ಕನ ಊರಿಗೆ ಹೋದರು. ನನಗೆ ಕಾಲೇಜಿತ್ತು, ಅವರೊಬ್ಬರೇ ಹೋಗಿದ್ದರು. ಅಲ್ಲಿ ನಡೆದದ್ದನ್ನು ಸಂಜೆ ಅವರೇ ಹೇಳಿದರು. ತಮ್ಮನದು ಏನೂ ತೊಂದರೆಯಿಲ್ಲ, ಮಕ್ಕಳಿಗೆ ಏನೂ ಆಗುವುದಿಲ್ಲ, ಮದುವೆ ಮಾಡಿ ಎಂದು ಅಂಗಳದಲ್ಲಿ ನಿಂತು ಬೇಡಿಕೊಂಡರಂತೆ. ಅಕ್ಕ ಹಸುವಿಗೆ ಮೇವು ಹಾಕುತ್ತಿದ್ದವರು ತಿರುಗಿ ನೋಡಿದರಂತೆ.

"ನೀ ಕೆಟ್ಟದ್ದು ಹೇಳಿದ್ದೆಲ್ಲಾ ನಡದೈತಿ. ಒಳ್ಳೇದು ಯಾವತ್ತು ಹೇಳಿದ್ದಿ, ಅದು ನಡಿಯಾಕ?"

ಇದನ್ನು ಹೇಳುವಾಗ ಮೇಡಂ ಅಕ್ಕನ ದನಿಯಲ್ಲೇ ಹೇಳಿದರು. ಆ ಮೇಲೆ ಎದ್ದು ತಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ತಮ್ಮನಿಗೆ ಹಡಗಲಿಯ ಒಂದು ಹೆಣ್ಣು ತಂದರು. ಸುಜಾತಾಳನ್ನು ಹರಪನಹಳ್ಳಿಗೆ, ರಕ್ತಸಂಬಂಧವಿಲ್ಲದ ಮನೆಗೆ ಕೊಟ್ಟರು. ಎರಡೂ ಮದುವೆಗೆ ಮೇಡಂಗೆ ಕರೆ ಬರಲಿಲ್ಲ. ಮಲ್ಲು ಇಪ್ಪತ್ತು ದಾಟುವ ಮುಂಚೆ ಹೋದ. ಆ ಸುದ್ದಿ ಅವರಿಗೆ ತಿಳಿದದ್ದು ಆ ಊರಿಂದ ಕಾಲೇಜಿಗೆ ಬರುತ್ತಿದ್ದ ಒಬ್ಬ ಹುಡುಗಿಯಿಂದ. ಹೋಗಿ ಬಂದರು. ಅಕ್ಕ ಬೈಯಲಿಲ್ಲ, ಮಾತಾಡಿಸಲೂ ಇಲ್ಲವಂತೆ. ಅದಾದ ಮೇಲೆ ಅವರು ಲ್ಯಾಬಿನಲ್ಲಿ ಯೀಸ್ಟ್ ಬೆಳೆಸುವುದನ್ನು ಬೇರೆಯವರಿಗೆ ಒಪ್ಪಿಸಿದರು. ಪಾಠ ಮಾತ್ರ ಹೇಳುತ್ತಿದ್ದರು. ಆನುವಂಶಿಕತೆಯ ಆ ಒಂದು ಅಧ್ಯಾಯ ಬಂದಾಗ ಹುಡುಗರಿಗೆ ಪುಸ್ತಕದಿಂದ ಓದಿಸಿ ಬಿಡುತ್ತಿದ್ದರೆಂದು ಕೇಳಿದ್ದೇನೆ.

ಹೋದ ವರ್ಷ ಒಂದು ಬೆಳಿಗ್ಗೆ ಅವರ ಹಿತ್ತಲಿನಿಂದ ನಮ್ಮ ಕಡೆಗೆ ನೀರು ಹರಿದು ಬರುತ್ತಿತ್ತು. ನಲ್ಲಿ ಬಿಟ್ಟು ಮರೆತಿದ್ದಾರೆಂದುಕೊಂಡು ಕೂಗಿದೆ. ಎರಡನೇ ಸಲ ಕೂಗುವಾಗ ನನ್ನ ದನಿಯೇ ನನಗೆ ಬೇರೆ ಕೇಳಿಸಿತು. ತುಂಬಿ ಚೆಲ್ಲುತ್ತಿದ್ದ ಕೊಡದ ಪಕ್ಕದಲ್ಲಿ, ಬಚ್ಚಲ ಕಲ್ಲಿಗೆ ಒರಗಿ ಕೂತಂತೆ ಇದ್ದರು. ಹೃದಯ ನಿಂತಿತ್ತೆಂದು ಡಾಕ್ಟರು ಹೇಳಿದರು. ಮಾಗಳದಲ್ಲಿ ಹೊಳೆಯ ದಂಡೆಗೆ ಮಣ್ಣು ಮಾಡಿದರು. ಅಕ್ಕ ಬಂದಿದ್ದರು. ತಂಗಿಯ ಕಾಲ ಬಳಿ ಕೂತು ಅವಳ ಸೀರೆಯ ನಿರಿಗೆಯನ್ನು ಸರಿಮಾಡುತ್ತಲೇ ಇದ್ದರು.

ಮಗಳ ಬನ್ನು ತಿಂದ ಮರುದಿನ ನಾನು ಹರಪನಹಳ್ಳಿಗೆ ಹೊರಟೆ. ತವರಿಗೆಂದು ಹೋದವಳು ಸುಜಾತಾಳ ಮನೆ ಹುಡುಕಿಕೊಂಡು ಹೋದೆ. ಮೇಡಂ ಇದ್ದ ಮನೆಗೆ ಈಗ ಬ್ಯಾಂಕಿನವರೊಬ್ಬರು ಬಂದಿದ್ದಾರೆ. ಮೇಡಂ ಬಗ್ಗೆ ಮಾತಾಡಲು ನನಗೂ ಯಾರೂ ಇರಲಿಲ್ಲ. ಅವಳು ಚಹಾ ಮಾಡಿ ತಂದು ಎದುರಿಗೆ ಕೂತಳು. ಬಸ್ ಸ್ಟ್ಯಾಂಡಿಗೆ ಹೋಗುವ ರಸ್ತೆಯ ಮೇಲಿನ ಮನೆ. ಅವಳ ಮಗ ಬಾಗಿಲ ಆಚೆ ಮೆಟ್ಟಿಲ ಮೇಲೆ ಆಡುತ್ತಿದ್ದ. ಐದು ವರ್ಷದವನು, ಗುಂಡುಗುಂಡಗೆ, ಚುರುಕಾಗಿ ಇದ್ದಾನೆ.

ಸೋದರಮಾವನ ಪರೀಕ್ಷೆಯ ವಿಷಯ ಅವಳಿಗೆ ತಿಳಿದಿತ್ತೋ ಇಲ್ಲವೋ ಎಂದು ಇಷ್ಟು ವರ್ಷ ನನಗೊಂದು ಅನುಮಾನವಿತ್ತು. ಅವಳೇ ಹೇಳಿದಳು.

"ಮಾಮಾ ಬಂದು ಕಾಗದ ತೋರಿಸಿದ್ರು ಮೇಡಂ. ಹೂಂ ಅನ್ನು, ನಾ ಮನಿಯವ್ರನ್ನ ಒಪ್ಪಸ್ತೀನಿ ಅಂದ್ರು. ನಾನ ಒಲ್ಲೆ ಅಂದೆ."

"ಯಾಕವ್ವ?"

"ಕಾಗದದಾಗ ಇಲ್ಲ ಅಂತ ಇತ್ತು. ಕಿವಿಯಾಗ ಚಿಗವ್ವನ ಮಾತು ಇತ್ತು."

ಗಂಡ ಸಂಬಂಧಿಕನಲ್ಲ, ಈ ಹುಡುಗನಿಗೆ ಅದು ಬರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ ಎಂದು ಮೇಡಂ ನನಗೆ ವಿವರಿಸಿದ್ದನ್ನು ನಾನು ಅವಳಿಗೆ ಹೇಳಿದೆ. ಅವಳು ತಲೆಯಾಡಿಸಿದಳು. ಡಾಕ್ಟರೂ ಹಾಗೇ ಹೇಳಿದ್ದಾರಂತೆ. ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಬಸ್ಸಿನ ಸದ್ದಾಯಿತು.

"ಯಾವ ಬಣ್ಣದ್ದೋ?" ಕೂತಲ್ಲಿಂದಲೇ ಸುಜಾತಾ ಕೂಗಿ ಕೇಳಿದಳು.

"ಕೆಂಪು" ಎಂದ ಹುಡುಗ.

ಅವಳು ಚಹಾದ ಲೋಟ ನೆಲಕ್ಕಿಟ್ಟು, ಎದ್ದು ಬಾಗಿಲಿಗೆ ಹೋಗಿ, ಬಸ್ಸು ಕೆಂಪೇ ಹೌದೋ ಎಂದು ನೋಡಿಕೊಂಡು ಬಂದು ಕೂತಳು.